ಬರಿಗೈಯಲ್ಲಿ ಬಂದ ವ್ಯಾಪಾರಿ

"ಫಾದರ್, ಸಹಾಯ ಬೇಡವೆಂದು ಬಾಗಿಲು ಹಾಕಿಕೊಳ್ಳುವವರಿಗೆ ಸಹಾಯ ಮಾಡುವುದು ಹೇಗೆ?"

ಕೇಳಿದವಳು ಸೆಲೀನಾ. ಧರ್ಮಕೇಂದ್ರದ ಸೇವಾಸಂಘಕ್ಕೆ ಹೊಸದಾಗಿ ಸೇರಿದವಳು. ಅಂದು ಬೆಳಿಗ್ಗೆ ಒಬ್ಬ ಮುದುಕಿಗೆ ಕಂಬಳಿ ಕೊಡಲು ಹೋಗಿ ಬೈಸಿಕೊಂಡು ಬಂದಿದ್ದಳು. ಹಿರಿಯ ಗುರುಗಳಾದ ಫಾದರ್ ಆರೋಗ್ಯಸ್ವಾಮಿ ಅವಳನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಚೌರಪ್ಪನೆಂಬ ದಿನಸಿ ವ್ಯಾಪಾರಿ ಇದ್ದ. ಧಾರಾಳ ಮನಸ್ಸಿನವನು. ಚರ್ಚಿನ ಸೇವಾಸಂಘಕ್ಕೆ ಅವನೇ ಮುಖ್ಯಸ್ಥ. ಯಾರ ಮನೆಯಲ್ಲಾದರೂ ಒಲೆ ಹೊತ್ತಿಲ್ಲವೆಂದು ಕಿವಿಗೆ ಬಿದ್ದರೆ ಸಂಜೆಯೊಳಗೆ ಅಲ್ಲಿಗೆ ಅಕ್ಕಿ ಬೇಳೆ ತಲುಪುತ್ತಿತ್ತು. ಕೊಡುವುದರಲ್ಲಿ ಅವನಿಗೆ ನಿಜವಾದ ಸಂತೋಷವಿತ್ತು. ತಾನು ಮಾತ್ರ ಯಾರ ಮುಂದೆಯೂ ಕೈಚಾಚಿದವನಲ್ಲ. ಅದು ಅವನ ಹೆಮ್ಮೆ.

ಅದೇ ಊರಿನಲ್ಲಿ ಇನ್ನಾಸಿ ಎಂಬ ಗಾರೆ ಕೆಲಸದವನಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಪಟ್ಟಣದಲ್ಲಿ ಗೋಡೆ ಕಟ್ಟುವಾಗ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಆಮೇಲೆ ಊರುಗೋಲಿಲ್ಲದೆ ಹೆಜ್ಜೆ ಇಡಲಾಗಲಿಲ್ಲ.

ಚೌರಪ್ಪ ಸಂಘದವರನ್ನು ಕರೆದುಕೊಂಡು ಹೋಗಿ ಅವನಿಗೆ ಅಕ್ಕಿ ಕೊಟ್ಟ. ಇನ್ನಾಸಿ ಕೈಮುಗಿದು ತೆಗೆದುಕೊಂಡ. ಮರುವಾರ ಹೋದಾಗಲೂ ಕೈಮುಗಿದ. ಹೀಗೇ ವಾರವಾರವೂ ನಡೆಯಿತು. ಬರಬರುತ್ತ ಅವನು ಕೈಮುಗಿಯುವಾಗ ಅವರ ಮುಖ ನೋಡುವುದನ್ನು ಬಿಟ್ಟ. ಕಡೆಗೊಂದು ದಿನ ಒಳಗಿನಿಂದ ಅಗುಳಿ ಹಾಕಿಕೊಂಡು, "ಬೇಡ, ತೆಗೆದುಕೊಂಡು ಹೋಗಿ" ಎಂದ.

ಸಂಘದವರಿಗೆ ಕೋಪ ಬಂತು. ಬಡವನಿಗೆ ಇಷ್ಟು ಸೊಕ್ಕೇ ಎಂದರು. ಚೌರಪ್ಪ ಮಾತ್ರ ಕೋಪಿಸಿಕೊಳ್ಳಲಿಲ್ಲ. ಕೊಟ್ಟದ್ದು ಸಾಲದೆ ಹೋಯಿತೇನೋ ಎಂದುಕೊಂಡು ಮರುವಾರ ಅಕ್ಕಿಯ ಜೊತೆಗೆ ಬೆಲ್ಲ, ಎಣ್ಣೆ ಸೇರಿಸಿ ಜಗುಲಿಯ ಮೇಲೆ ಇಟ್ಟು ಬಂದ. ಚೀಲ ಇಟ್ಟಲ್ಲೇ ಉಳಿಯಿತು. ಬೆಲ್ಲಕ್ಕೆ ಇರುವೆ ಮುತ್ತಿತು. ಇನ್ನಾಸಿ ತೆಂಗಿನ ಗರಿ ಸೀಳಿ, ಪೊರಕೆ ಕಟ್ಟಿ ಮಾರಿ, ಒಂದು ಹೊತ್ತು ಉಂಡು ಮಲಗುತ್ತಿದ್ದ. ಭಾನುವಾರದ ಪೂಜೆಗೂ ಬರುವುದನ್ನು ನಿಲ್ಲಿಸಿದ.

ಹೀಗಿರುವಾಗ ಚೌರಪ್ಪನ ಮನೆಗೇ ಕಷ್ಟ ಬಂತು. ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ಅವಳ ಜೊತೆ ಪಟ್ಟಣದ ಆಸ್ಪತ್ರೆಯಲ್ಲಿ ಇರಬೇಕಾದವನು ಅವನೇ. ಮನೆಯಲ್ಲಿ ಮರೆವು ಹಿಡಿದ ತಾಯಿ. ಒಂದು ಗಳಿಗೆ ಕಣ್ಣು ತಪ್ಪಿದರೆ ತವರಿಗೆ ಹೋಗುತ್ತೇನೆಂದು ಹೊರಟುಬಿಡುವಳು. ಹಿಂದೊಮ್ಮೆ ಹಾಗೆ ಹೊರಟವಳು ಕೆರೆಯ ಏರಿಯ ಮೇಲೆ ಸಿಕ್ಕಿದ್ದಳು.

ಚೌರಪ್ಪ ಸಂಬಳ ಕೊಟ್ಟು ಒಬ್ಬ ಹೆಂಗಸನ್ನು ಕರೆಸಿದ. ಗುರುತಿಲ್ಲದ ಮುಖ ಕಂಡು ಮುದುಕಿ ಚೀರಾಡಿದಳು. ಆ ಹೆಂಗಸು ಸಂಜೆಯೇ ಹೊರಟುಹೋದಳು. ಸಂಘದವರು ಬಂದು ಕೂತರು. ಆದರೆ ಅದು ರಾಗಿ ಕೊಯ್ಲಿನ ಕಾಲ. ಇಡೀ ದಿನ ಕೂರಲು ಯಾರಿಗೂ ಬಿಡುವಿರಲಿಲ್ಲ. ತಾಯಿ ಹೆದರದೆ ಮಾತಾಡಿಸುವ ಹೊರಗಿನವರು ಯಾರಿದ್ದಾರೆ ಎಂದು ಚೌರಪ್ಪ ಯೋಚಿಸಿದ. ಮನೆಯ ಕಾಂಪೌಂಡು ಕಟ್ಟಿದವನು ಇನ್ನಾಸಿ. ಆಗ ತಾಯಿ ಅವನಿಗೆ ಕಾಫಿ ಕೊಟ್ಟು, ಅವನ ಪಕ್ಕದಲ್ಲೇ ಕೂತು ಹರಟೆ ಹೊಡೆಯುತ್ತಿದ್ದಳು. ಈಗಲೂ ಒಮ್ಮೊಮ್ಮೆ ಅವನ ಹೆಸರು ಹೇಳಿ ಕೇಳುತ್ತಿದ್ದಳು.

ಇನ್ನಾಸಿಯ ಮನೆಗೆ ಹೊರಡುವಾಗ ಚೌರಪ್ಪನ ಕೈ ರೂಢಿಯಂತೆ ಅಕ್ಕಿಯ ಚೀಲಕ್ಕೆ ಹೋಯಿತು. ಎತ್ತಿಕೊಂಡವನು ಮತ್ತೆ ಕೆಳಗಿಟ್ಟ. ದಾರಿಯಲ್ಲಿ ಮಾತು ಜೋಡಿಸಿಕೊಂಡ. 'ಹೇಗೂ ನೀನು ಮನೆಯಲ್ಲೇ ಕೂತಿರುತ್ತೀಯಲ್ಲ' ಎಂದು ಶುರುಮಾಡೋಣ ಅನ್ನಿಸಿತು. ಆ ಮಾತು ತನಗೇ ಚುಚ್ಚಿತು. ಅದನ್ನು ಬಿಟ್ಟ. ಬೇರೆ ಮಾತು ಹೊಳೆಯುವ ಮೊದಲೇ ಇನ್ನಾಸಿಯ ಮನೆ ಬಂತು. ಕೈಯಲ್ಲಿ ಏನೂ ಇಲ್ಲದೆ ಒಬ್ಬರ ಬಾಗಿಲಲ್ಲಿ ನಿಂತು ಅವನಿಗೆ ಅಭ್ಯಾಸವಿರಲಿಲ್ಲ. ಕದ ತಟ್ಟಿ ಇನ್ನಾಸಿಯನ್ನು ಕರೆದ. ಒಳಗಿನಿಂದಲೇ ಉತ್ತರ ಬಂತು:

"ಅಕ್ಕಿ ಬೇಡ ಅಂದೆನಲ್ಲ, ಸಾಹುಕಾರ್ರೇ."

"ಅಕ್ಕಿ ತಂದಿಲ್ಲ, ಇನ್ನಾಸಿ. ನಾನೇ ಕಷ್ಟದಲ್ಲಿದ್ದೇನೆ. ನಿನ್ನಿಂದ ಒಂದು ಸಹಾಯ ಆಗಬೇಕು."

ಒಳಗೆ ಸದ್ದಿಲ್ಲ. ಇಲ್ಲವೆಂದರೆ ತಿರುಗಿ ಹೋಗುವುದು ಹೇಗೆ ಎಂದು ಚೌರಪ್ಪನಿಗೆ ತಿಳಿಯಲಿಲ್ಲ. ಆಗ ಊರುಗೋಲು ನೆಲಕ್ಕೆ ತಾಗುವ ಸದ್ದು ಹತ್ತಿರ ಬಂತು. ಅಗುಳಿ ಸರಿಯಿತು.

ಇನ್ನಾಸಿ ಎಲ್ಲವನ್ನೂ ಕೇಳಿಸಿಕೊಂಡ. ಗೂಟದಲ್ಲಿದ್ದ ಅಂಗಿ ತೆಗೆದು ತೊಟ್ಟುಕೊಳ್ಳುತ್ತ ಹೇಳಿದ: "ಹಬ್ಬಕ್ಕೆ ಚರ್ಚಿಗೆ ಸುಣ್ಣ ಬಳಿಯೋಣ ಬನ್ನಿ ಅಂತ ಸಂಘದವರು ಮನೆಮನೆಗೂ ಕರೆಯುತ್ತ ಹೋದರು. ನನ್ನ ಬಾಗಿಲು ದಾಟಿ ಮುಂದೆ ಹೋದರು. ಕೂತಲ್ಲೇ ಸುಣ್ಣ ಕಲಸಿಕೊಡುವುದಕ್ಕೆ ಸೊಂಟ ಬೇಕಾ, ಸಾಹುಕಾರ್ರೇ? ಅವತ್ತೇ ನಾನು ಅಗುಳಿ ಹಾಕಿದ್ದು."

ಚೌರಪ್ಪ ತಲೆ ತಗ್ಗಿಸಿದ. 'ಪಾಪ, ಅವನಿಗೇಕೆ ತೊಂದರೆ, ಬಿಟ್ಟುಬಿಡಿ' ಎಂದು ಹೇಳಿ ಕಳಿಸಿದ್ದವನು ಅವನೇ.

ಹೆಂಡತಿ ಆಸ್ಪತ್ರೆಯಿಂದ ಬರುವ ತನಕ ಇನ್ನಾಸಿ ಮುದುಕಿಯ ಬಳಿ ಇದ್ದ. ಅವಳು ತವರಿಗೆ ಹೊರಟಾಗಲೆಲ್ಲ, "ಹೋಗೋಣ ಅವ್ವ, ಒಂದು ತುತ್ತು ಉಂಡು ಹೊರಡೋಣ" ಎನ್ನುತ್ತಿದ್ದ. ಉಣ್ಣುವಷ್ಟರಲ್ಲಿ ಅವಳು ತವರನ್ನು ಮರೆಯುತ್ತಿದ್ದಳು. ಉಂಡಾದ ಮೇಲೆ ಅವನಿಗೆ ತನ್ನ ಮದುವೆಯ ಹಾಡು ಹೇಳುತ್ತಿದ್ದಳು. ಮಗನ ಹೆಸರು ಮರೆತವಳಿಗೆ ಆ ಹಾಡು ಪೂರ್ತಿ ಬರುತ್ತಿತ್ತು.

ಹೆಂಡತಿಯನ್ನು ಮನೆಗೆ ಕರೆತಂದ ದಿನ ಚೌರಪ್ಪ ಇನ್ನಾಸಿಗೆ ಏನಾದರೂ ಕೊಡಬೇಕೆಂದು ಎದ್ದ. ಎದ್ದವನು ಹಾಗೆಯೇ ನಿಂತ. ಆಮೇಲೆ ಅವನ ಎರಡೂ ಕೈ ಹಿಡಿದುಕೊಂಡು, "ನೀನಿಲ್ಲದಿದ್ದರೆ ನಾನು ಕೆಡುತ್ತಿದ್ದೆ" ಎಂದ. ಇನ್ನಾಸಿ ಅವನ ಮುಖವನ್ನೇ ನೋಡಿ ನಕ್ಕ.

ಸ್ವಲ್ಪ ದಿನ ಕಳೆಯಿತು. ಚೌರಪ್ಪನ ಅಂಗಡಿಯಲ್ಲಿ ಜನ ತುಂಬಿದ್ದರು. ಇನ್ನಾಸಿ ಊರುಗೋಲು ಊರಿಕೊಂಡು ಬಂದ. ದನಿ ತಗ್ಗಿಸದೆ ಹೇಳಿದ:

"ಚೌರಪ್ಪಣ್ಣ, ಮನೆಯಲ್ಲಿ ಅಕ್ಕಿ ಮುಗಿದುಹೋಗಿದೆ. ಸ್ವಲ್ಪ ಕೊಡು."

ಚೌರಪ್ಪ ಅಳೆದು ಕೊಟ್ಟ. ಇನ್ನಾಸಿ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿದ್ದವರನ್ನು ಮಾತಾಡಿಸುತ್ತ ನಡೆದ. ಆ ಭಾನುವಾರ ಅವನು ಪೂಜೆಗೂ ಬಂದ.

ಫಾದರ್ ಆರೋಗ್ಯಸ್ವಾಮಿ ಕತೆ ಮುಗಿಸಿದರು. ಸೆಲೀನಾ ಕೇಳಿದಳು:

"ಹಾಗಾದರೆ ನಾಳೆ ಆ ಅಜ್ಜಿಯ ಮನೆಗೆ ಏನು ತೆಗೆದುಕೊಂಡು ಹೋಗಲಿ, ಫಾದರ್?"

"ನಿನ್ನ ಮನೆಯಲ್ಲಿ ಏನಿಲ್ಲ ಎಂದು ನೋಡಿಕೊಂಡು ಹೋಗು, ಮಗಳೇ."

ಮರುದಿನ ಸೆಲೀನಾ ಕಂಬಳಿಯನ್ನು ಬಿಟ್ಟು, ಒಂದು ಖಾಲಿ ಬಟ್ಟಲು ಹಿಡಿದುಕೊಂಡು ಅಜ್ಜಿಯ ಮನೆಗೆ ಕೇಳಲು ಹೋದಳು.