ವೈದ್ಯನ ಬುತ್ತಿ

ಆಣೆ ಹಾಕ್ಬಾರ್ದು ಅಂತಾರೆ ನಮ್ಮ ಪಾದ್ರಿಗಳು. ಆದ್ರೂ ಹಾಕ್ತೀನಿ. ಇದು ನಡೆದದ್ದೇ, ಒಂದಕ್ಷರ ಸೇರಿಸಿದ್ದಲ್ಲ. ಇದನ್ನ ನನ್ನಷ್ಟು ನೆಟ್ಟಗೆ ಹೇಳೋರು ನಮ್ಮ ಸಭೇಲಿ ಇನ್ನೊಬ್ಬರಿಲ್ಲ, ಪಾದ್ರಿಗಳನ್ನೂ ಸೇರಿಸಿ.

"ಅಮ್ಮಾ, ಇನ್ನೇನು ಬಾಕಿ ಇದೆ?" ಅಂತ ಕೇಳ್ದ ಡಾಕ್ಟರ್ ಬೆನ್ಯಾಮೀನ.

ಕೇಳಿದ್ದು ಸುಗುಣಮ್ಮನೋರನ್ನ. ಮಿಷನ್ ಆಸ್ಪತ್ರೇಲಿ ಅವನಿಗೆ ಕೆಲಸ ಕಲಿಸಿದ ದೊಡ್ಡ ಡಾಕ್ಟ್ರಮ್ಮ ಅವರೇ. ಬೆಳಗಾದ್ರೆ ಅವನು ಸಭೆಯೋರ ಜೊತೆ ಆಫ್ರಿಕಾದ ಮಲಾವಿಗೆ ಹೊರಡ್ಬೇಕು, ಅಲ್ಲಿ ಹಳ್ಳೀಲಿ ಕಾಯಿಲೆಯೋರನ್ನ ನೋಡೋಕೆ. ಮೊದಲ್ನೇ ಸಲ. ಅಲ್ಲಿಯೋರು ತನ್ನನ್ನ ನಂಬ್ತಾರೋ ಇಲ್ವೋ ಅಂತ ಒಳಗೊಳಗೇ ಪುಕಪುಕ ಅಂತಿತ್ತು. ಅದಕ್ಕೇ ಒಂದು ಕಡೆ ಕೂರದೆ ಪೆಟ್ಟಿಗೆ ತುಂಬಿದ್ದ. ಹಗ್ಗ ಬಿಗಿದೋನು ನಾನು, ಆನೆ ಎಳೆದ್ರೂ ಬಿಚ್ಚಲ್ಲ. ಒಳಗೆ ಮಾತ್ರೆ, ಸೂಜಿ, ಬ್ಯಾಂಡೇಜು. ಇನ್ನೊಂದ್ರಲ್ಲಿ ಅವಲಕ್ಕಿ, ಚಟ್ನಿಪುಡಿ, ಬಾಟ್ಲಿ ನೀರು.

"ಬಡವರ ಊರಮ್ಮ. ನಮ್ಮಿಂದ ಅವರಿಗೆ ಒಂದು ಲೋಟ ನೀರಿನ ಹೊರೇನೂ ಆಗ್ಬಾರ್ದು."

"ಕೂತ್ಕೊಳೋ," ಅಂದ್ರು ಸುಗುಣಮ್ಮ. ಕತೆ ಹೇಳಿದ್ರು.

ಒಬ್ಬ ವೈದ್ಯ ಇದ್ದ. ಒಳ್ಳೇ ಕೈಗುಣ. ಹೊಳೆ ಆಚೆ ಊರಲ್ಲಿ ಜ್ವರ ಅಂತ ಕಿವಿಗೆ ಬಿತ್ತು. ಯಾರೂ ಕರೆಯೋಕೆ ಮೊದ್ಲೇ ಹೊರಟ. ಬಡವರಿಗ್ಯಾಕೆ ತೊಂದ್ರೆ ಅಂತ ಬುತ್ತಿ ಕಟ್ಕೊಂಡ, ಚೆಂಬಲ್ಲಿ ನೀರು ತುಂಬ್ಕೊಂಡ.

ಊರ ಮೊದಲ ಮನೇಲಿ ಒಬ್ಬ ಹೆಂಗಸು. ಒಳಗೆ ಅವಳ ಮಗು ಕೆಂಡದಂಗೆ ಸುಡ್ತಿತ್ತು. ಅವಳು ಬಾಗಿಲಿಗೆ ಬಂದು, "ದಣಿದು ಬಂದಿದ್ದೀರ. ಬಿಸಿ ಗಂಜಿ ಐತೆ, ಮೊದ್ಲು ಕುಡೀರಿ," ಅಂದ್ಲು.

"ಬ್ಯಾಡ ತಾಯಿ, ನಂದು ನಾನೇ ತಂದಿದ್ದೀನಿ," ಅಂದ ವೈದ್ಯ. ಜಗಲಿ ಮೇಲೆ ಕೂತು ಬುತ್ತಿ ಬಿಚ್ಚಿದ.

ತನ್ನ ಮನೆ ನೀರು ಮುಟ್ಟದೋರನ್ನ ಅವಳು ಹುಟ್ಟಿದಾಗಿಂದ ಕಂಡಿದ್ಲು. ಒಳಗೋಗಿ ಬಾಗಿಲು ಹಾಕ್ಕೊಂಡ್ಲು.

ವೈದ್ಯ ಉಂಡು ಕೈತೊಳೆದು, "ತಾಯಿ, ಮಗೂನ ತೋರ್ಸು," ಅಂದ.

ಒಳಗಿಂದ್ಲೇ ಅಂದ್ಲು, "ನಮ್ಮನೆ ಗಂಜಿ ಆಗದೋರಿಗೆ ನಮ್ಮನೆ ಮಗು ಹೆಂಗಾದೀತು? ಹೋಗ್ಬನ್ನಿ."

ವೈದ್ಯ ಹೋಗ್ಲಿಲ್ಲ. ಒಳಗೆ ಮಗು ನರಳೋದು ಕೇಳಿಸ್ತಿತ್ತು, ಹೆಂಗೆ ಹೋದಾನು? ಮಿಕ್ಕ ಬುತ್ತಿ ನಾಯಿಗೆ ಹಾಕ್ದ. ಚೆಂಬು ಬಗ್ಗಿಸಿ ನೀರು ಚೆಲ್ದ. ಬಿಸಿಲು ಏರ್ತು, ಇಳೀತು. ಗಂಟಲು ಒಣಗಿ ಹೊಟ್ಟೆ ಚುರುಗುಟ್ತು. ಆಗ ಎದ್ದು ಕದ ತಟ್ಟಿದ.

"ಅವ್ವಾ, ಹಸಿವಾಗೈತೆ. ಒಂಚೂರು ಗಂಜಿ ಹುಯ್ತೀಯಾ?"

ಆ ದನೀಲಿ ನಾಟಕ ಇರ್ಲಿಲ್ಲ. ಅವಳಿಗೂ ಗೊತ್ತಾಯ್ತು. ಬಾಗಿಲು ತೆಗೆದ್ಲು. ಬಟ್ಟಲು ತಳ ಕಾಣೋ ತನಕ ಅವನು ಕುಡಿಯೋದನ್ನೇ ನೋಡ್ತಾ ನಿಂತ್ಲು. ಆಮೇಲೆ ಒಳಗೋಗಿ, ಮಗೂನ ಎತ್ಕೊಂಬಂದು ಅವನ ಮಡಿಲಿಗೆ ಹಾಕಿದ್ಲು.

"ಮಗು ಉಳೀತಾ?" ಅಂದ ಬೆನ್ಯಾಮೀನ.

"ಉಳೀತು ಕಣೋ."

ಆದ್ರೂ ಅವನ ಮನಸ್ಸು ಒಪ್ಪಲಿಲ್ಲ. "ಕಂಡಕಂಡ ನೀರು ಕುಡಿದು ನಾನೇ ಮಲಗ್ಬಿಟ್ರೆ ಅವರನ್ನ ನೋಡೋರ್ಯಾರಮ್ಮ?"

ಸುಗುಣಮ್ಮ ಅವನ ತಲೆ ಸವರಿ ಅಂದ್ರು, "ಕುದಿಸಿ ಕೊಡಿ ಅಂತ ಕೇಳ್ಬೇಕು ಕಣಪ್ಪ, ಕೊಡೋದು ಬರುತ್ತೆ ನಿಂಗೆ, ಕೇಳೋದು ಬರುತ್ತಾ?"