ಮೂರು ಗೆರೆಯ ಎಮ್ಮೆ

"ಅಜ್ಜಾರ, ಸಿಟ್ಟು ಇನ್ನೂ ಒಳಗ ಇರೂವಾಗ ತಪ್ಪಾತು ಅಂದರ, ಅದು ಸುಳ್ಳು ಹೇಳಿದಂಗ ಆಗೂದಿಲ್ಲೇನ್ರಿ? ಮನಸ್ಸು ಪೂರಾ ತೊಳಕೊಂಡು ಆಮ್ಯಾಲೆ ಹೋಗೂದು ಚಲೋ ಅಲ್ಲೇನ್ರಿ?"

ಹೀಗೆ ಕೇಳಿದವನು ಅಡಿವೆಪ್ಪ, ಮಠದ ಶಿಷ್ಯ. ಕೇಳಿಸಿಕೊಂಡವರು ಮಠದ ಸ್ವಾಮಿಗಳು. ಊರವರು ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಅಜ್ಜಾರು ಬಿಸಿಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅಡಿಗೆಯವಳು ಬಿಟ್ಟುಹೋದ ಮಠದಲ್ಲಿ ಸ್ವಾಮಿಗಳೇ ಅವರೆಕಾಯಿ ಸುಲಿಯಬೇಕಾಗುತ್ತದೆ.

ಅಡಿಗೆಯ ಫಕೀರವ್ವ ಬಿಟ್ಟುಹೋದದ್ದು ಅಡಿವೆಪ್ಪನ ಬಾಯಿಂದಲೇ. ಮೊನ್ನೆ ಭಕ್ತರ ಪಂಕ್ತಿಯಲ್ಲಿ ಸಾರು ಉಪ್ಪಾಗಿತ್ತು. ಅಡಿವೆಪ್ಪ ಎಲ್ಲರ ಮುಂದೆ, "ನಾಲಿಗಿ ಸತ್ತವರ ಕೈಯಾಗ ಸೌಟು ಕೊಟ್ಟರ ಹಿಂಗ ಆಗೂದು" ಎಂದುಬಿಟ್ಟ. ಪಂಕ್ತಿ ನಕ್ಕಿತು. ಫಕೀರವ್ವ ನಗಲಿಲ್ಲ. ಸೌಟು ತೊಳೆದು ಗೂಟಕ್ಕೆ ತೂಗುಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡು ಊರೊಳಗಿದ್ದ ತಂಗಿಯ ಮನೆಗೆ ಹೋದಳು. ಇವತ್ತು ಮಧ್ಯಾಹ್ನದ ಬಸ್ಸಿಗೆ ಮಗಳ ಊರಿಗೆ ಹೋಗುತ್ತಾಳಂತೆ, ಇನ್ನು ಇತ್ತ ಕಾಲಿಡುವುದಿಲ್ಲವಂತೆ ಎಂದು ಬೆಳಿಗ್ಗೆ ಸುದ್ದಿ ಬಂದಿತ್ತು.

ಅಡಿವೆಪ್ಪ ಮಠಕ್ಕೆ ಬಂದ ಹೊಸತರಲ್ಲಿ, ಅವನಿಗೆ ಖಡಕ್ ರೊಟ್ಟಿ ಇಷ್ಟವೆಂದು, ಒಂದು ರೊಟ್ಟಿಯನ್ನು ಹಂಚಿನ ಮೇಲೆ ಇನ್ನಷ್ಟು ಕಾಯಿಸಿ, ಬೆಣ್ಣೆ ಸವರಿ, ಯಾರಿಗೂ ಕಾಣದಂತೆ ಅವನ ತಟ್ಟೆಗೆ ಹಾಕುತ್ತಿದ್ದವಳು ಅವಳು. ಅದು ಅವನಿಗೆ ನೆನಪಿತ್ತು. ತಪ್ಪೂ ಗೊತ್ತಾಗಿತ್ತು. ಬೆಳಗಿನಿಂದ ಸ್ನಾನ ಮಾಡುವುದು, ಜಪಕ್ಕೆ ಕೂಡುವುದು ಇದೇ ನಡೆದಿತ್ತು. ಮನಸ್ಸು ತಿಳಿಯಾಗುತ್ತಿತ್ತು. ತಿಳಿಯಾದ ತಳದಲ್ಲಿ ಒಂದೇ ಮಾತು ಕಾಣುತ್ತಿತ್ತು: ಸಾರು ಉಪ್ಪಾಗಿದ್ದದ್ದಂತೂ ನಿಜ. ಮತ್ತೆ ಸಿಟ್ಟು ಬರುತ್ತಿತ್ತು. ಮತ್ತೆ ಸ್ನಾನ.

ಅಜ್ಜಾರು ಇದನ್ನೆಲ್ಲ ನೋಡಿದ್ದರು. ಬಾವಿಯ ನೀರು ಕೆಳಗಿಳಿದದ್ದನ್ನೂ ನೋಡಿದ್ದರು.

"ತಮ್ಮಾ, ಪ್ರಿಂಟರಿಗೆ ಇಂಕು ತುಂಬೂದು ನೋಡೀಯೇನು?" ಎಂದು ಕೇಳಿದರು.

ಅಡಿವೆಪ್ಪ ನದಿಯದೋ ಆಲದ ಮರದ್ದೋ ಕತೆ ಬರುತ್ತದೆಂದು ಕಾದಿದ್ದ. "ಇಲ್ಲರಿ" ಎಂದ.

"ಹಂಗಾರ ಕುಂದರು. ಸುಲಕೋತ ಕೇಳು." ಅಜ್ಜಾರು ಬುಟ್ಟಿಯನ್ನು ಅವನತ್ತ ನೂಕಿದರು. ಅವರು ಹೇಳಿದ ಕತೆ ಇದು.

ಒಂದು ಊರಲ್ಲಿ ಒಬ್ಬ ಗೃಹಸ್ಥನಿದ್ದ. ಅವನ ಮನೆಯಲ್ಲಿ ಒಂದು ಪ್ರಿಂಟರ್ ಇತ್ತು. ಓಣಿಯವರು ಕೇಳಿದ್ದನ್ನೆಲ್ಲ ಅಚ್ಚು ಹಾಕಿ ಕೊಡುತ್ತಿದ್ದ. ನಾಮಕರಣದ ಕರೆಯೋಲೆ, ಮನೆ ಬಾಡಿಗೆಗಿದೆ ಎಂಬ ಹಾಳೆ, ಏನಾದರೂ ಸರಿ. ದುಡ್ಡು ಮುಟ್ಟುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಮಾತು: ಏನು ಸ್ವಚ್ಛ ಬಂದದ ಅಂತೀನಿ. ಆ ಮಾತು ಕಿವಿಗೆ ಬಿದ್ದ ದಿನ ಅವನಿಗೆ ಒಂದು ತುತ್ತು ಹೆಚ್ಚು ಸೇರುತ್ತಿತ್ತು.

ಪ್ರಿಂಟರಿನ ಹೊಟ್ಟೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಇರುತ್ತದೆ. ಕಾರ್ಟ್ರಿಡ್ಜ್ ಎನ್ನುತ್ತಾರೆ. ಅದರೊಳಗೆ ಸ್ಪಂಜು, ಸ್ಪಂಜಿನೊಳಗೆ ಇಂಕು. ಇಂಕು ತೀರಿದರೆ ಜನ ಹೊಸ ಡಬ್ಬಿ ತರುತ್ತಾರೆ. ಈ ಗೃಹಸ್ಥ ತರುತ್ತಿರಲಿಲ್ಲ. ಪೇಟೆಯಿಂದ ಇಂಕಿನ ಬಾಟಲಿ ತಂದು, ಡಬ್ಬಿಯ ನೆತ್ತಿಯ ಮೇಲಿನ ಚೀಟಿ ಎಬ್ಬಿಸಿ, ಅಲ್ಲಿನ ತೂತಿಗೆ ಸಿರಿಂಜಿನ ಸೂಜಿ ಇಳಿಸಿ, ಕೂಸಿಗೆ ಔಷಧ ಕುಡಿಸುವಂತೆ ಹನಿಹನಿಯಾಗಿ ತುಂಬುತ್ತಿದ್ದ. ಅವಸರ ಮಾಡಿದರೆ ಸ್ಪಂಜು ಕುಡಿಯುವುದಿಲ್ಲ, ಕಕ್ಕುತ್ತದೆ. ಬೇರೆ ಯಾರಾದರೂ ತುಂಬಲು ಹೋದರೆ ವಾರಗಟ್ಟಲೆ ಕೈ ಕರ್ರಗೆ ಮಾಡಿಕೊಂಡು ತಿರುಗುತ್ತಿದ್ದರು. ಇವನ ಉಗುರಿಗೂ ಇಂಕು ಹತ್ತುತ್ತಿರಲಿಲ್ಲ. ಒರೆಸುವ ಬಟ್ಟೆಯನ್ನು ಕೂಡ ಅವನು ಮಡಿಸಿ ಇಡುತ್ತಿದ್ದ.

ಅದೇ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳಿಗೆ ಇದ್ದದ್ದು ಒಂದು ಎಮ್ಮೆ. ಹೆಸರು ಕಸ್ತೂರಿ. ಓಣಿಯ ಚಹಾಕ್ಕೆಲ್ಲ ಅದರದೇ ಹಾಲು, ಮುದುಕಿಯ ಒಲೆಗೆ ಅದರದೇ ಕುಳ್ಳು. ಒಂದು ದಿನ ಕಸ್ತೂರಿ ಹಗ್ಗ ಹರಿದುಕೊಂಡು, ದಾರಿಯಲ್ಲಿ ಹೊರಟಿದ್ದ ಯಾರದೋ ಹಿಂಡಿನ ಜೊತೆ ಹೋಗಿಬಿಟ್ಟಿತು. ಮರುದಿನ ಪಕ್ಕದ ಊರಲ್ಲಿ ದನದ ಸಂತೆ. ಸಂತೆಯಲ್ಲಿ ಕೈ ಬದಲಾದ ಎಮ್ಮೆ ಯಾವ ಸೀಮೆ ಸೇರಿತೆಂದು ಹೇಳುವವರಿಲ್ಲ.

ಮುದುಕಿ ಗೃಹಸ್ಥನ ಮನೆಗೆ ಬಂದಳು. ಲಸಿಕೆ ಹಾಕಲು ಬಂದವರು ತೆಗೆದುಕೊಟ್ಟ ಕಸ್ತೂರಿಯ ಫೋಟೋ ಅವಳ ಫೋನಿನಲ್ಲಿತ್ತು. ಎಮ್ಮೆಯ ಎಡಗೋಡು ಕಿವಿಯ ಕಡೆಗೆ ಸೊಟ್ಟಗೆ ಬಾಗಿತ್ತು. ಅದೇ ಗುರುತು. ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿ, ಕೆಳಗೆ ತನ್ನ ನಂಬರು ಹಾಕಿ ಕೊಟ್ಟರೆ ಸಂತೆಯ ಬಾಗಿಲಲ್ಲಿ ಅಂಟಿಸುತ್ತೇನೆ ಎಂದಳು. ಹೊತ್ತು ಮುಳುಗುವಾಗ ಸಂತೆಗೆ ಮೇವಿನ ಟೆಂಪೊ ಹೊರಡುತ್ತಿತ್ತು. ಅವಳು ಅದರಲ್ಲೇ ಹೋಗಬೇಕಿತ್ತು.

ಗೃಹಸ್ಥ ಆಗಷ್ಟೇ ಡಬ್ಬಿ ತುಂಬಿದ್ದ. ಗುಂಡಿ ಒತ್ತಿದ. ಹಾಳೆ ಹೊರಬಂತು. ಕೋಡು ಬಂದಿತ್ತು, ಮೂತಿ ಬಂದಿತ್ತು, ನಂಬರು ಬಂದಿತ್ತು. ಆದರೆ ಎಮ್ಮೆಯ ಮೈಮೇಲೆ ಉದ್ದಕ್ಕೆ ಮೂರು ಬಿಳಿ ಗೆರೆ ಬಿದ್ದಿದ್ದವು. ಇಂಕು ಇಳಿಯುವ ಸಣ್ಣ ತೂತುಗಳಲ್ಲಿ ಎಲ್ಲೋ ಏನೋ ಕಟ್ಟಿತ್ತು.

ಮುದುಕಿ ಹಾಳೆ ನೋಡಿದಳು. "ಇದು ನನ್ನ ಕಸ್ತೂರಿನ ಖರೆ. ಕೊಡು ಯಪ್ಪಾ, ಹೊಕ್ಕೇನಿ."

"ಗೆರಿ ಬಿದ್ದಾವಲ್ಲ ಅವ್ವಾ" ಎಂದ ಗೃಹಸ್ಥ. "ಇದನ್ನ ನೋಡಿದವರು ಪಟ್ಟಿ ಇರೂ ಎಮ್ಮಿ ಹುಡುಕತಾರ."

"ಸಂತಿ ಮಂದಿಗೆ ಎಮ್ಮಿ ಯಾವುದು, ಅಳಿಲು ಯಾವುದು ಗೊತ್ತಾಗೂದಿಲ್ಲೇನು?"

"ಅವರಿಗೆ ಗೊತ್ತಾಗಬಹುದು. ಆದರ ನನ್ನ ಮನಿಯಿಂದ ಇಂಥಾ ಹಾಳಿ ಹೊರಗ ಹೋತಂದರ ನನಗ ಹೆಂಗ ಆಗಬೇಕು? ಕುಂದರು, ಸ್ವಚ್ಛ ತೆಗೆದು ಕೊಡತೀನಿ."

ಹಾಳೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದ. ಮುದುಕಿ ಹೊಸ್ತಿಲ ಮೇಲೆ ಕುಳಿತಳು.

ಪ್ರಿಂಟರಿಗೆ ತನ್ನನ್ನು ತಾನು ತೊಳೆದುಕೊಳ್ಳುವ ವಿದ್ಯೆ ಗೊತ್ತು. ಹೇಳಿದರೆ ಸಾಕು, ಗರಗರ ಎಂದು ಗಂಟಲು ಸರಿ ಮಾಡಿಕೊಂಡು, ಎಲ್ಲ ತೂತುಗಳಿಂದ ಇಂಕು ಉಗುಳುತ್ತದೆ. ತೊಳೆದದ್ದು ಸರಿಯಾಯಿತೋ ಇಲ್ಲವೋ ನೋಡಲು ಆಮೇಲೆ ಪರೀಕ್ಷೆಯ ಹಾಳೆಯೊಂದನ್ನು ಹಾಕುತ್ತದೆ. ಆ ಹಾಳೆಯಲ್ಲಿ ಓದುವಂಥದ್ದು ಏನೂ ಇರುವುದಿಲ್ಲ. ಬರೀ ಗೆರೆ, ಬರೀ ಚೌಕ.

ಗೃಹಸ್ಥ ತೊಳೆಸಿದ. ಪರೀಕ್ಷೆಯ ಹಾಳೆ ಬಂತು. ಎರಡು ಕಡೆ ಗೆರೆ ತುಂಡಾಗಿತ್ತು. ಮತ್ತೆ ತೊಳೆಸಿದ. ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ತುಂಡಾಯಿತು. ತೊಳೆಯುತ್ತ ತೊಳೆಯುತ್ತ ಡಬ್ಬಿಯ ಇಂಕು ಇಳಿಯಿತು. ಬಾಟಲಿ ತೆಗೆದು, ಸಿರಿಂಜು ಹಿಡಿದು, ಹನಿಹನಿಯಾಗಿ ಮತ್ತೆ ತುಂಬಿದ. ಮತ್ತೆ ಗರಗರ. ಮುದುಕಿ ಹೊಸ್ತಿಲಿನಿಂದ, "ಯಪ್ಪಾ, ಹೊತ್ತು ಇಳಿಯಾಕ ಹತ್ತೇತಿ" ಎಂದಳು. ಇವನು, "ಇನ್ನೊಂದೇ ಗೆರಿ ಅವ್ವಾ" ಎಂದ. ಆ ಒಂದು ಗೆರೆಗಾಗಿ ಬಾಟಲಿ ತಲೆಕೆಳಗಾಯಿತು.

ಕೊನೆಗೆ ಬಂತು. ಪರೀಕ್ಷೆಯ ಹಾಳೆಯಲ್ಲಿ ಒಂದು ಕೂದಲಿನಷ್ಟೂ ಬಿರುಕಿರಲಿಲ್ಲ. ಗೃಹಸ್ಥ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತನ್ನಷ್ಟಕ್ಕೆ ನಕ್ಕ. ಆಮೇಲೆ ಎಮ್ಮೆಯ ಹಾಳೆಗೆ ಗುಂಡಿ ಒತ್ತಿದ.

ಎಮ್ಮೆ ಕಪ್ಪು ಪ್ರಾಣಿ. ಅದಕ್ಕೆ ಇಂಕು ಬಹಳ ಬೇಕು. ಕೋಡು ಬಂತು, ಕಣ್ಣು ಬಂತು, ಕುತ್ತಿಗೆಯ ಹೊತ್ತಿಗೆ ಕಪ್ಪು ಹೋಗಿ ಬೂದು ಬಣ್ಣವಾಯಿತು, ಅಲ್ಲಿಂದ ಕೆಳಗೆ ಹಾಳೆ ಬೆಳ್ಳಗೆ ಬಂತು. ಎಮ್ಮೆಯ ಮೈಯೂ ಇಲ್ಲ, ಮುದುಕಿಯ ನಂಬರೂ ಇಲ್ಲ. ಗೃಹಸ್ಥ ಬಾಟಲಿ ಅಲ್ಲಾಡಿಸಿದ. ಪೇಟೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಹೇಗೆ ಹೇಳಲಿ ಎಂದುಕೊಳ್ಳುತ್ತ ಹೊಸ್ತಿಲ ಕಡೆ ತಿರುಗಿದ. ಹೊಸ್ತಿಲು ಖಾಲಿ ಇತ್ತು. ಬುಟ್ಟಿಯೂ ಖಾಲಿ ಇತ್ತು.

ಗೃಹಸ್ಥನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಸಂಜೆ ಓಣಿಯಲ್ಲಿ ಗಂಟೆಯ ಸಪ್ಪಳ ಕೇಳಿತು. ಮುದುಕಿ ಮುಂದೆ, ಕಸ್ತೂರಿ ಹಿಂದೆ. ಗೃಹಸ್ಥ ಓಡಿಬಂದು, "ಹೆಂಗ ಸಿಕ್ತು ಅವ್ವಾ?" ಎಂದು ಕೇಳಿದ.

"ನಿನ್ನ ಹಾಳಿಯಿಂದನ ಸಿಕ್ತು."

ಬುಟ್ಟಿಯ ಮುದ್ದೆಯನ್ನು ಅವಳು ತೊಡೆಯ ಮೇಲಿಟ್ಟು ಸವರಿ ಸವರಿ ನೆಟ್ಟಗೆ ಮಾಡಿದ್ದಳು. ಸಂತೆಯ ಬಾಗಿಲಲ್ಲಿದ್ದ ಚಹಾದಂಗಡಿಯ ಕಂಬಕ್ಕೆ ಅನ್ನದ ಅಗುಳು ಹಚ್ಚಿ ಅಂಟಿಸಿದ್ದಳು. ಜನ ಬಂದು ನೋಡಿದರು, ನಕ್ಕರು. ನಕ್ಕವರು ಬೇರೆಯವರನ್ನು ಕರೆತಂದರು. "ಹಾಲು ಕೊಡೂ ಅಳಿಲು ಕಳದೈತಂತ, ಬರ್ರಿ ನೋಡಾಕ" ಎಂದು ಸಂತೆ ತುಂಬ ಮಾತಾಯಿತು. ಎಮ್ಮೆ ಹಿಡಿದುಕೊಂಡು ಮಾರಲು ನಿಂತಿದ್ದ ಒಬ್ಬನೂ ಚಹಾಕ್ಕೆ ಬಂದು, ನೋಡಿ ನಕ್ಕ. ನಗುತ್ತ ನಗುತ್ತ ಅವನ ಕಣ್ಣು ಸೊಟ್ಟ ಕೋಡಿನ ಮೇಲೆ ಬಿತ್ತು. ತಿರುಗಿ ತನ್ನ ಹಗ್ಗದ ತುದಿಯಲ್ಲಿದ್ದದ್ದನ್ನು ನೋಡಿದ. ಹಿಂಡಿನಲ್ಲಿ ತಾನಾಗಿಯೇ ಸೇರಿಕೊಂಡ ಎಮ್ಮೆ ಅದು. ನಗುವುದನ್ನು ನಿಲ್ಲಿಸಿ ಹಗ್ಗವನ್ನು ಮುದುಕಿಯ ಕೈಗೆ ಕೊಟ್ಟ.

ಮುದುಕಿ ಗೃಹಸ್ಥನ ಬಾಗಿಲಲ್ಲೇ ಕುಳಿತು ಒಂದು ಚೊಂಬು ಹಾಲು ಕರೆದು ಕೊಟ್ಟಳು. ಅವನು ಎರಡೂ ಕೈಯಿಂದ ತೆಗೆದುಕೊಂಡ. ಒಳಗೆ ಮೇಜಿನ ಮೇಲೆ ಪರೀಕ್ಷೆಯ ಹಾಳೆ ಹಾಗೇ ಇತ್ತು. ಬಹಳ ಸ್ವಚ್ಛ ಬಂದಿತ್ತು.

ಅಜ್ಜಾರು ಕತೆ ನಿಲ್ಲಿಸಿದರು. ಅಡಿವೆಪ್ಪನ ಕೈ ಮಾತ್ರ ಸುಲಿಯುತ್ತಿತ್ತು. ಕಾಳು ಸಿಪ್ಪೆಯ ಕಡೆ ಬೀಳುತ್ತಿತ್ತು, ಸಿಪ್ಪೆ ಕಾಳಿನ ಕಡೆ.

"ಅಜ್ಜಾರ, ಅಷ್ಟು ಇಂಕು ಎಲ್ಲಿ ಹೋತ್ರಿ?"

"ಮೈ ತೊಳಕೊಳ್ಳಾಕ ಹೋತು."

ಅಡಿವೆಪ್ಪ ತಲೆ ತಗ್ಗಿಸಿದ. ತಗ್ಗಿಸಿದ ತಲೆಯಿಂದಲೇ ಸಣ್ಣ ದನಿಯೊಂದು ಬಂತು. "ಆದರ ಸಾರು ಉಪ್ಪಾಗಿದ್ದು ಖರೇನ ಅಲ್ರಿ?"

"ಖರೇನ. ನಾನೂ ಉಂಡೇನಿ."

ಅಜ್ಜಾರು ಕಾಳಿನಲ್ಲಿ ಬಿದ್ದಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ತೆಗೆದರು. ಕಟ್ಟೆಯ ನೆರಳು ಕುಗ್ಗಿ ಅವರ ಪಾದದ ಹತ್ತಿರಕ್ಕೆ ಬಂದಿತ್ತು. ಅದನ್ನು ನೋಡಿ, ತಲೆ ಎತ್ತದೆ ಕೇಳಿದರು:

"ಆಕಿ ಬಸ್ಸು ಎಷ್ಟಕ್ಕ ಐತಿ, ತಮ್ಮಾ?"