ಬಾನೆಟ್ಟಿನ ಮೇಲಿನ ಭಸ್ಮ

ಹೊಳೆಯ ದಂಡೆಗೊಂದು ಮಠ. ಮಠಕ್ಕೊಬ್ಬರು ಅಜ್ಜಯ್ಯ. ಅಜ್ಜಯ್ಯನಿಗೊಂದು ಬಿಳೀ ಕಾರು. ಆ ಕಾರಿಗೊಬ್ಬ ತಿಪ್ಪೇಶಿ.

ಕಾರು ಯಾರೋ ಭಕ್ತರು ಕೊಟ್ಟಿದ್ದು. ಬಂದ ಹೊಸದರಲ್ಲಿ ಆಗತಾನೆ ಕರೆದ ಹಾಲಿನ ಹಾಗಿತ್ತು. ಮಠದಲ್ಲಿ ಮನುಷ್ಯರಿಗೇ ನೆರಳು ಸಾಲದು, ಕಾರಿಗೆಲ್ಲಿಂದ ಬರಬೇಕು? ಬಿಸಿಲಲ್ಲಿ ನಿಂತೂ ನಿಂತೂ ಅದರ ಬಣ್ಣ ಹಿಟ್ಟಿನ ಹಾಗೆ ಉದುರತೊಡಗಿತು. ಬೆರಳಿಟ್ಟರೆ ಬೆರಳೆಲ್ಲ ಬೆಳ್ಳಗಾಗುತ್ತಿತ್ತು.

ಅದನ್ನು ಮೊದಲು ಹಣೆಗಿಟ್ಟುಕೊಂಡವರು ಯಾರೋ, ಶಿವನೇ ಬಲ್ಲ. ಅಜ್ಜಯ್ಯ ಕೂರುವ ಕಾರು, ಅದರ ಮೈಮೇಲೆ ತಾನೇ ತಾನಾಗಿ ಹುಟ್ಟುವ ಬಿಳೀ ಪುಡಿ. ಭಸ್ಮವಲ್ಲದೆ ಮತ್ತೇನು? ಒಬ್ಬರು ಇಟ್ಟುಕೊಂಡರು, ನೋಡಿದವರು ಇಟ್ಟುಕೊಂಡರು, ಆಮೇಲೆ ಮಠಕ್ಕೆ ಬಂದವರೆಲ್ಲ ಗದ್ದುಗೆಗೆ ಕೈಮುಗಿದು ಬಾನೆಟ್ಟು ಸವರದೆ ಹೋಗದಂತಾಯಿತು.

ತಿಪ್ಪೇಶಿ ಆ ಮಠದ ಶಿಷ್ಯ, ಕಾರು ಓಡಿಸುವವನೂ ಅವನೇ. ಎಲ್ಲರಿಗಿಂತ ಹೆಚ್ಚು ನಂಬಿದವನೂ ಅವನೇ. ಬಾನೆಟ್ಟಿನ ಪುಡಿಯನ್ನು ಹತ್ತಿಯಲ್ಲಿ ಒರೆಸಿ ಒಂದು ತಗಡಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದ. ಸೋಮವಾರ ಬಂತೆಂದರೆ ಹೊಳೆ ದಾಟಿ, ಆಚೆ ಹಟ್ಟಿಯಲ್ಲಿದ್ದ ಅಕ್ಕ ಪಾಲಾಕ್ಷಮ್ಮನಿಗೆ ಕೊಟ್ಟು ಬರುತ್ತಿದ್ದ.

ಪಾಲಾಕ್ಷಮ್ಮನ ಎದೆಯಲ್ಲೊಂದು ಗಂಟು ಎದ್ದಿತ್ತು. ದೊಡ್ಡಾಸ್ಪತ್ರೆಗೆ ಹೋಗಮ್ಮಾ ಅಂತ ನರ್ಸಮ್ಮ ಯುಗಾದಿಗೂ ಮುಂಚೆಯೇ ಹೇಳಿದ್ದಳು.

"ಅಜ್ಜಯ್ಯನ ಭಸ್ಮ ಇರುವಾಗ ನನಗ್ಯಾಕೋ ಚಾಕು, ಕತ್ತರಿ?" ಎಂದಿದ್ದಳು ಅಕ್ಕ.

ಹೌದಲ್ಲ ಎಂದು ತಿಪ್ಪೇಶಿಗೂ ಹಾಯೆನಿಸಿತ್ತು. ತಾಯಿ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವಳನ್ನು ಆಸ್ಪತ್ರೆಯ ಮಂಚದ ಮೇಲೆ ನೆನೆಸಿಕೊಂಡರೇ ಅವನು ಎದ್ದು ಹೋಗಿ ಬಾನೆಟ್ಟು ಒರೆಸುತ್ತಿದ್ದ.

ಇದ್ಯಾವುದನ್ನೂ ಅವನು ಅಜ್ಜಯ್ಯನಿಗೆ ಹೇಳಿರಲಿಲ್ಲ.

ಮಳೆಗಾಲ ಹತ್ತಿರ ಬಂತು. ಅಜ್ಜಯ್ಯ ಪೇಟೆಯ ಗ್ಯಾರೇಜಿನಿಂದ ಎರಡು ಡಬ್ಬಿ ತರಿಸಿದರು.

"ತಿಪ್ಪೇಶಿ, ಬಣ್ಣ ಹಿಂಗೇ ಬಿಟ್ಟರೆ ಈ ಮಳೆಗೆ ತಗಡು ತುಕ್ಕು ಹಿಡೀತದೆ. ಚಿಕ್ಕ ಡಬ್ಬೀಲಿ ಪಾಲಿಶ್ ಐತೆ, ಕೊಳೆ ತೆಗೆಯೋದು. ದೊಡ್ಡದರಲ್ಲಿ ಮೇಣ ಐತೆ, ಕಾಯೋದು. ಮೊದಲು ಚಿಕ್ಕದು, ಆಮೇಲೆ ದೊಡ್ಡದು. ತಿಳೀತಾ?"

"ತಿಳೀತು ಬುದ್ಧಿ."

ತಿಳಿಯದೇನು, ಚೆನ್ನಾಗಿಯೇ ತಿಳಿದಿತ್ತು. ಚಿಕ್ಕ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ. ಇದರಲ್ಲಿ ಉಜ್ಜಿದರೆ ಭಸ್ಮವೆಲ್ಲ ಬಟ್ಟೆಗೆ ಬಂದುಬಿಡುತ್ತದೆ. ದೇವರು ಕೊಟ್ಟದ್ದನ್ನು ನಾನ್ಯಾರು ಉಜ್ಜಿ ಹಾಕಲಿಕ್ಕೆ? ಆಮೇಲೆ ಅಕ್ಕನಿಗೆ ಏನು ಒಯ್ಯಲಿ?

ಚಿಕ್ಕ ಡಬ್ಬಿಯನ್ನು ಹಾಗೇ ಮುಚ್ಚಿ ಸೀಟಿನ ಕೆಳಗಿಟ್ಟ. ನೀರು ಚಿಮುಕಿಸಿ ಮೇಲುಮೇಲಿನ ಮಣ್ಣು ತೆಗೆದು, ನೇರ ಮೇಣ ಹಚ್ಚಿದ. ಮೇಣದ ಕೆಳಗೆ ಭಸ್ಮ ಭದ್ರವಾಗಿರಲಿ, ಬೇಕಾದಾಗ ಕೆರೆದುಕೊಂಡರಾಯಿತು ಅಂತ ಅವನ ಎಣಿಕೆ.

ಕಾರು ತುಪ್ಪ ಸವರಿದ ಹೋಳಿಗೆಯ ಹಾಗೆ ಫಳಫಳ ಅಂದಿತು.

ಅಜ್ಜಯ್ಯ ನೋಡಿದರು. ಮೋಡದ ಕಡೆಗೂ ಒಮ್ಮೆ ನೋಡಿ ಜಗುಲಿಗೆ ಹೋದರು.

ಒಂದು ಮಳೆ ಬಂದು ಹೋಯಿತು. ಮಾರನೆಯ ಬೆಳಗ್ಗೆ ಗೌರಜ್ಜಿ ಎಂಬ ಮುದುಕಿ ಹೂವಿನ ಬುಟ್ಟಿ ಹಿಡಿದು ಮಠಕ್ಕೆ ಬಂದಳು. ಎಂದಿನಂತೆ ಬಾನೆಟ್ಟು ಸವರಿದಳು. ಬೆರಳಿಗೆ ಜಿಗಟು ಮೆತ್ತಿಕೊಂಡಿತು.

"ಏನೋ ತಿಪ್ಪೇಶಿ, ಭಸ್ಮ ಕೇಳಿದರೆ ಬೆಣ್ಣೆ ಕೊಡ್ತದಲ್ಲೋ ನಿನ್ನ ಕಾರು! ನಾಳೆ ರೊಟ್ಟಿ ತರಲೇನೋ?"

"ಸುಮ್ಕಿರಜ್ಜಿ, ಮೇಣ ಹಚ್ಚೀನಿ."

"ಮೇಣ ಹಚ್ಚಿದ್ದೋ, ತೊನ್ನು ಹತ್ತಿಸಿದ್ದೋ? ಕಣ್ಣು ಬಿಟ್ಟು ನೋಡು."

ನೋಡಿದ. ಬಾನೆಟ್ಟಿನ ತುಂಬ ಮಚ್ಚೆ. ಕೆಲವು ಕಡೆ ಮೇಣ ಎದ್ದು ಸಿಪ್ಪೆ ಸಿಪ್ಪೆಯಾಗಿತ್ತು, ಕೆಲವು ಕಡೆ ನೀರು ಒಳಗಿಳಿದು ಬೂದುಬಣ್ಣ ತಿರುಗಿತ್ತು.

ಅಜ್ಜಯ್ಯ ಜಗುಲಿ ಇಳಿದು ಬಂದರು. ಒಂದು ಸಿಪ್ಪೆಯನ್ನು ಉಗುರಿನಲ್ಲಿ ಎಬ್ಬಿಸಿ ಅವನ ಅಂಗೈಗೆ ಹಾಕಿದರು.

"ಮೇಣ ಯಾವುದಕ್ಕೆ ಅಂಟಿಕೊಂಡೈತೆ, ನೋಡಿ ಹೇಳು."

ತಿಪ್ಪೇಶಿ ಸಿಪ್ಪೆಯನ್ನು ಮಗುಚಿದ. ಅಡಿಯಲ್ಲೆಲ್ಲ ಬಿಳೀ ಪುಡಿ.

"ಪುಡಿಗೆ, ಬುದ್ಧಿ."

"ಪುಡಿ ಯಾವುದಕ್ಕೆ ಅಂಟಿಕೊಂಡಿತ್ತು?"

ಅವನು ಸಿಪ್ಪೆಯನ್ನು ಮತ್ತೆ ಮಗುಚಿದ.

"ಯಾವುದಕ್ಕೂ ಇಲ್ಲ. ಅದಕ್ಕೇ ಎರಡೂ ಎದ್ದು ಬಂದವು. ಚಿಕ್ಕ ಡಬ್ಬಿ ಎಲ್ಲಿ?"

ಸೀಟಿನ ಕೆಳಗಿನಿಂದ ತೆಗೆದುಕೊಟ್ಟ. ಹೊಸದು ಹೊಸದಾಗೇ ಇತ್ತು. ಅಜ್ಜಯ್ಯ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಕಾರನ್ನು ಗೋಡೆ ನೆರಳಿಗೆ ತಾ. ಬಿಸಿ ತಗಡಿನ ಮೇಲೆ ಈ ಕೆಲಸ ಆಗಲ್ಲ."

ತಂದ. ಅಜ್ಜಯ್ಯ ತಮ್ಮ ಹಳೇ ಕಾವಿ ಪಂಚೆ ಹರಿದು ಮೆತ್ತನೆಯ ತುಂಡು ಮಾಡಿಕೊಟ್ಟರು.

"ಅಂಗೈಯಗಲ ಜಾಗ ಹಿಡಿ. ಅದು ಮುಗಿದ ಮೇಲೆ ಇನ್ನೊಂದು. ಒತ್ತಬೇಡ, ಕೂಸಿನ ಬೆನ್ನು ತಿಕ್ಕಿದ ಹಂಗೆ ತಿಕ್ಕು."

ತಿಪ್ಪೇಶಿ ಬಟ್ಟೆಯ ಮೂಲೆಗೆ ಪಾಲಿಶ್ ತಗೊಂಡು ತಿಕ್ಕಿದ. ಮೊದಲು ಮೇಣ ಬಂತು. ಅದರ ಹಿಂದೆಯೇ ಬಿಳುಪು ಬಂತು. ಕಾವಿ ಬಟ್ಟೆ ಸುಣ್ಣ ಒರೆಸಿದ ಹಾಗಾಯಿತು. ಅವನ ಕೈ ನಿಂತುಬಿಟ್ಟಿತು.

"ಬುದ್ಧಿ, ಭಸ್ಮ ಹೋಗ್ತಾ ಐತೆ."

"ಬಟ್ಟೆ ಮಗುಚಿಕೋ. ತಿಕ್ಕು."

"ಬಣ್ಣಾನೇ ಹೋಗ್ತಾ ಐತೇನೋ ಬುದ್ಧಿ!"

"ಹೋಗೋದು ಬಣ್ಣಾನೇ. ಸತ್ತ ಬಣ್ಣ. ಬಿಸಿಲಿಗೆ ಸತ್ತು ಮೇಲೇ ಕೂತೈತೆ. ಬದುಕಿರೋದು ಕೆಳಗೈತೆ. ತಿಕ್ಕು."

ಸತ್ತ ಬಣ್ಣ. ಆ ಮಾತು ಅವನ ಕಿವಿಯೊಳಗೆ ಹೋಗಿ ಅಲ್ಲೇ ಕೂತಿತು. ಆದರೂ ಗುರುವಿನ ಮಾತು, ತಿಕ್ಕಿದ. ತಿಕ್ಕುತ್ತಾ ತಿಕ್ಕುತ್ತಾ ಬಟ್ಟೆಗೆ ಬಿಳುಪು ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು.

"ಈಗ ಕೈಯಿಟ್ಟು ನೋಡು."

ಇಟ್ಟ. ಬೆಣ್ಣೆ ತೆಗೆದು ತೊಳೆದಿಟ್ಟ ಗಡಿಗೆಯ ಒಳಮೈಯಂತೆ ನುಣ್ಣಗಿತ್ತು. ಬೆರಳು ನೋಡಿಕೊಂಡ. ಏನೂ ಬಂದಿರಲಿಲ್ಲ. ಇನ್ನೊಮ್ಮೆ ಉಜ್ಜಿದ. ಒತ್ತಿ ಉಜ್ಜಿದ. ಬರಲಿಲ್ಲ.

ಅವನು ಅಲ್ಲೇ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಬುದ್ಧಿ, ಒಂದು ಕೇಳಲಾ? ಇಲ್ಲ ಅನ್ನಬಾರದು."

"ಕೇಳು."

"ಎಲ್ಲಾ ಉಜ್ಜುತೀನಿ. ಹಿಂದಿನ ಬಾಗಿಲು ಒಂದು ಬಿಟ್ಟುಬಿಡಿ. ಅದೊಂದು ಹಂಗೇ ಇರಲಿ."

"ಯಾಕೆ?"

"ಅದರದ್ದು ಬೇಕು."

"ಯಾರಿಗೆ?"

ತಿಪ್ಪೇಶಿ ನೆಲ ನೋಡಿದ. ಹೊಳೆಯ ಕಡೆ ನೋಡಿದ. ಬಿಡಿಸಿಕೊಳ್ಳುವ ದಾರಿ ಕಾಣಲಿಲ್ಲ.

"ನಮ್ಮಕ್ಕಂಗೆ, ಬುದ್ಧಿ. ಎದೇಲಿ ಗಂಟಾಗೈತೆ. ಇದನ್ನೇ ಹಚ್ಚುತಾ ಇದ್ದಾಳೆ."

ಅಜ್ಜಯ್ಯ ಗೋಡೆಗೆ ಕೈಯಿಟ್ಟುಕೊಂಡು ಅವನೆದುರಿಗೆ ನೆಲದ ಮೇಲೇ ಕೂತರು. ಅಷ್ಟು ವಯಸ್ಸಾದವರು ಹಾಗೆ ಕೂತಿದ್ದನ್ನು ಅವನು ಕಂಡಿರಲಿಲ್ಲ.

"ಯಾವಾಗಿನಿಂದ?"

"ಯುಗಾದಿಗೂ ಮುಂಚಿಂದ."

"ಡಾಕ್ಟರು ಏನಂದರು?"

"ಹೋಗಿಲ್ಲ ಬುದ್ಧಿ. ನರ್ಸಮ್ಮ ಹೇಳಿದ್ಲು. ಅಕ್ಕ ಒಪ್ಪಲಿಲ್ಲ. ನಾನೂ... ನಾನೂ ಒತ್ತಾಯ ಮಾಡಲಿಲ್ಲ."

"ಗಂಟು ಕರಗಿತಾ?"

"ಇಲ್ಲ."

"ಬೆಳೀತಾ?"

ತಿಪ್ಪೇಶಿ ಕೈಯಲ್ಲಿದ್ದ ಬಟ್ಟೆ ಮಡಚಿದ, ಬಿಡಿಸಿದ.

"ಬೆಳೀತಾ ಅಂತ ಕೇಳಿದೆ, ಮಗಾ."

"ಬೆಳದೈತೆ ಬುದ್ಧಿ. ಎಡಗೈ ಮೇಲಕ್ಕೆತ್ತಕಾಗಲ್ಲ ಈಗ."

ಹೇಳಿ ಮುಗಿಸಿದಾಗ ಅವನ ಕಣ್ಣು ತಾನಾಗಿಯೇ ಬಾನೆಟ್ಟಿಗೆ ಹೋಯಿತು. ಉಜ್ಜಿದ್ದ ಅಂಗೈಯಗಲ ಜಾಗ ಒಂದು ಕಡೆ. ಸುತ್ತ ಅವನು ಮೇಣ ಹಚ್ಚಿ ಮುಚ್ಚಿದ್ದ ಮಚ್ಚೆಗಳು. ನೋಡಿದ, ನೋಡುತ್ತಲೇ ಇದ್ದ. ಕೈಯಲ್ಲಿದ್ದ ಬಟ್ಟೆ ಜಾರಿ ಮಣ್ಣಿಗೆ ಬಿತ್ತು.

"ನಾನು ಕೊಟ್ಟಿದ್ದು ಭಸ್ಮ ಅಲ್ಲವಾ ಬುದ್ಧಿ? ನಂಬಿ ಕೊಟ್ಟಿದ್ದೆ. ನಿಮ್ಮ ಹೆಸರು ಹೇಳಿ ಕೊಟ್ಟಿದ್ದೆ. ನಂಬಿದ್ದೂ ತಪ್ಪಾ?"

ಅಜ್ಜಯ್ಯ ಮಣ್ಣಿಗೆ ಬಿದ್ದ ಬಟ್ಟೆ ಎತ್ತಿ ಕೊಡವಿದರು. ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುವ ಸದ್ದು ಕೇಳುತ್ತಿತ್ತು.

"ಜನ ಬೆರಳಿಗೆ ಹಚ್ಚಿಕೊಳ್ಳೋದು ನಾನೂ ನೋಡ್ತಿದ್ದೆ," ಎಂದರು. "ಹಣೆಗೆ ತಾನೆ, ಇಟ್ಟುಕೊಳ್ಳಲಿ ಬಿಡು, ಯಾರಿಗೇನು ನಷ್ಟ ಅಂದುಕೊಂಡೆ. ಬೇಡ ಅನ್ನೋಕೆ ಒಂದು ಮಾತು ಸಾಕಿತ್ತು. ಆಡಲಿಲ್ಲ. ನಿನ್ನ ತಪ್ಪು ಅಳೆಯೋಕೆ ಕೂತರೆ ಮೊದಲು ನಂದೇ ಅಳೀಬೇಕು."

"ಹಂಗನ್ನಬೇಡಿ ಬುದ್ಧಿ."

"ಅನ್ನದೇ ಇದ್ದದ್ದಕ್ಕೇ ಇಲ್ಲೀಗಂಟ ಬಂತು. ಏಳು. ಕೀ ತಗೋ."

"ಎಲ್ಲಿಗೆ?"

"ನಿಮ್ಮಕ್ಕನ ಹಟ್ಟಿಗೆ. ಅಲ್ಲಿಂದ ದೊಡ್ಡಾಸ್ಪತ್ರೆಗೆ."

"ಇನ್ನೂ ಉಜ್ಜೋದು ಮುಗಿದಿಲ್ಲ ಬುದ್ಧಿ. ಮೇಣ ಹಚ್ಚಿಲ್ಲ. ನೀವು ಕೂರೋ ಕಾರು, ಹಿಂಗೆ ಮಚ್ಚೆ ಮಚ್ಚೆಯಾಗಿ ಹೋದರೆ ಜನ ಏನಂದಾರು?"

"ಓಡ್ತದೋ ಇಲ್ಲವೋ?"

"ಓಡ್ತದೆ."

"ನಡಿ ಮತ್ತೆ."

ಅಜ್ಜಯ್ಯ ಮುಂದಿನ ಸೀಟಿನಲ್ಲಿ ಕೂತರು. ಹಿಂದಿನ ಸೀಟಿನ ಮೇಲಿದ್ದ ಹೂವು, ಕಾಯಿ, ಶಾಲು ಎಲ್ಲ ತೆಗೆಸಿ ಜಾಗ ಮಾಡಿಸಿದ್ದರು. ಕಾರು ಸೇತುವೆ ಏರಿತು. ತಿಪ್ಪೇಶಿ ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದ. ಏನು ಹೇಳಲಿ? ಇಷ್ಟು ದಿನ ಕೊಟ್ಟಿದ್ದು ಸತ್ತ ಬಣ್ಣ ಅಂತ ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ಅವಳ ನಂಬಿಕೆ ಮುರಿಯುತ್ತದೆ. ಹೇಳದಿದ್ದರೆ ಅವಳು ಕಾರು ಹತ್ತುವುದಿಲ್ಲ.

"ಬುದ್ಧಿ, ಅವಳು ಬರಲ್ಲ ಅಂದರೆ?"

ಅಜ್ಜಯ್ಯ ರಸ್ತೆಯನ್ನೇ ನೋಡುತ್ತಿದ್ದರು.

ಪಾಲಾಕ್ಷಮ್ಮ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಬಲಗೈಯಲ್ಲಿ ಕೊಡತಿ. ಹಣ್ಣು ಹಿಡಿಯಬೇಕಾದ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಜಾರುವ ಹಣ್ಣನ್ನು ಕಾಲ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು.

ಕಾರಿನಿಂದ ಇಳಿದವರನ್ನು ಕಂಡು ಧಡಕ್ಕನೆ ಎದ್ದಳು. ಸೆರಗು ಎಳೆದುಕೊಳ್ಳಲು ಹೋದಳು, ಎಡಗೈ ಏಳಲಿಲ್ಲ. ಹಲ್ಲುಕಚ್ಚಿ ಬಲಗೈಯಲ್ಲೇ ಎಳೆದುಕೊಂಡು, ಬಗ್ಗಿ ಅಜ್ಜಯ್ಯನ ಪಾದ ಮುಟ್ಟಿದಳು.

"ನನ್ನಪ್ಪಾ, ನಮ್ಮ ಗುಡಿಸಲಿಗೆ ನೀವು ಬರೋದಾ! ಏ ತಿಪ್ಪೇಶಿ, ಮೊದಲೇ ಹೇಳಬಾರದೇನೋ ಮೂಳ, ಅಂಗಳಕ್ಕೆ ನೀರಾದರೂ ಹಾಕ್ತಿದ್ದೆ."

ಹಾಗೆ ಬೈಯುತ್ತಲೇ ತಮ್ಮನ ಹತ್ತಿರ ಬಂದಳು. ಬಲಗೈ ಚಾಚಿ ದನಿ ತಗ್ಗಿಸಿದಳು.

"ಹೋದ ವಾರದ್ದು ಮುಗೀತು ಕಣೋ. ಭಸ್ಮ ತಂದ್ಯಾ?"

ತಿಪ್ಪೇಶಿ ಅವಳ ಚಾಚಿದ ಅಂಗೈಯನ್ನೇ ನೋಡುತ್ತಾ ನಿಂತ. ಅಕ್ಕ ಅವನ ಮುಖ ನೋಡಿದಳು, ಅಜ್ಜಯ್ಯನ ಮುಖ ನೋಡಿದಳು. ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು.

ಅಜ್ಜಯ್ಯ ಹೋಗಿ ತಮ್ಮ ಕೈಯಾರೆ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದರು.

"ಅದು ಭಸ್ಮ ಅಲ್ಲ, ಸತ್ತ ಬಣ್ಣ, ಉಜ್ಜಿ ತೆಗೀತಾ ಇದೀವಿ, ತಾಯಿ. ಅದರ ಕೆಳಗೆ ಒಂದು ಕಾರಿತ್ತು. ಹತ್ತು."